ತೊಳೆದ ಬಿತ್ತನೆ

ಎಳ್ಳನ್ನು ತೊಳೆಯದೆ ಗಾಣಕ್ಕೆ ಹಾಕುವುದು ನಮ್ಮ ಮನೆಯಲ್ಲಿ ಪಾಪಕ್ಕೆ ಸಮ. ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಎಣ್ಣೆ ಮಿಲ್ಲಿದೆ. ಯಂತ್ರ ಗಂಡನದು, ಅಂಗಳ ನನ್ನದು. ಕಾಳು ತೊಳೆಯುವುದು, ಒಣಗಿಸುವುದು, ಕೇರುವುದು ಎಲ್ಲ ಅತ್ತೆ ಕಲಿಸಿದ ವಿದ್ಯೆ. ಜಂಬವನ್ನೂ ಅವರೇ ಕಲಿಸಿದರೋ, ತವರಿನಿಂದ ನಾನೇ ತಂದೆನೋ ಗೊತ್ತಿಲ್ಲ. ಗಂಡನನ್ನು ಕೇಳಿದರೆ ಎರಡನೆಯದೇ ಅನ್ನುತ್ತಾರೆ.

ಮೂರು ವರ್ಷದ ಹಿಂದೆ, ಹರಿಹರದಾಚೆ ಉಕ್ಕಡಗಾತ್ರಿ ದಾರಿಯಲ್ಲಿ ಹೊಲವಿರುವ ಒಬ್ಬ ಹೆಣ್ಣುಮಗಳು ಎರಡು ಚೀಲ ತಂದರು. ಒಂದು ದೊಡ್ಡದು, ಇನ್ನೊಂದು ದಿಂಬಿನಷ್ಟು. ಒಳಗಿದ್ದದ್ದು ಕ್ಯಾಮೆಲಿನಾ ಎಂಬ ಹೊಸ ಕಾಳು, ಸಾಸಿವೆಗಿಂತ ಸಣ್ಣದು, ಕೆಂಚು ಬಣ್ಣ. ಅದರ ಎಣ್ಣೆ ಹೋಗುವುದು ಬಣ್ಣ ತಯಾರಿಸುವುದಕ್ಕೆ, ವಿಮಾನದ ಇಂಧನಕ್ಕೆ ಅಂತೆ. ಪ್ರಯೋಗಕ್ಕೆಂದು ಯಾರೋ ಅವರಿಗೆ ಒಂದಿಷ್ಟು ಬೀಜ ಕೊಟ್ಟಿದ್ದರು. ಪ್ರಯೋಗ ಅರ್ಧಕ್ಕೇ ನಿಂತಿತು, ಕೊಟ್ಟವರು ಹೋದರು. ಇವರು ಮಾತ್ರ ಬಿಡಲಿಲ್ಲ. ಊರವರು "ವಿಮಾನಕ್ಕೆ ಮೇವು ಬೆಳೀತಾಳ" ಎಂದು ನಗುತ್ತಿದ್ದರಂತೆ.

"ದೊಡ್ಡ ಚೀಲ ಎಣ್ಣೆಗ್ರಿ. ಸಣ್ಣದು ಮುಂದಿನ ವರ್ಷದ ಬಿತ್ತನೆಗೆ. ಕೊಯ್ಲಿನಾಗ ಮಳೆ ಹೊಡೀತು, ಹಸಿ ಐತೆ. ಎರಡೂ ಒಣಗಿಸಿ ಕೊಡ್ರಿ. ಈ ಬೀಜ ಬ್ಯಾರೆ ಎಲ್ಲೂ ಸಿಗಲ್ಲ, ನನ್ನ ಹತ್ರ ಇರೋದು ಇಷ್ಟೇ" ಎಂದರು.

ದೊಡ್ಡ ಚೀಲವನ್ನು ಹಾಗೆಯೇ ಒಣಗಿಸಿದೆ. ಯಾರೂ ತಿನ್ನದ ಎಣ್ಣೆಗೆ ತೊಳೆಯುವ ಮಡಿ ಯಾಕೆ? ಆದರೂ ಸುಲಭವಿರಲಿಲ್ಲ. ಗೋಣಿಚೀಲದ ಕಣ್ಣಿನಲ್ಲೇ ಸೋರುತ್ತಿತ್ತು, ಫ್ಯಾನ್ ಹಾಕಿದರೆ ಪಕ್ಕದ ಶೆಡ್ಡಿಗೆ ಹಾರಿ ಹೋಗುತ್ತಿತ್ತು. ಕೊನೆಗೆ ಹಳೆಯ ಪಂಚೆಗಳ ಮೇಲೆ ತೆಳ್ಳಗೆ ಹರವಿ, ನೆರಳಿನಲ್ಲಿ ಕೈಯಾಡಿಸುತ್ತ ಕೂತೆ. ನಾಲ್ಕನೆಯ ದಿನ ಕಾಳು ಬೆರಳಿಗೆ ಅಂಟದೆ ಜಾರಿತು. ಗಂಡ ಅದನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದರು.

ಉಳಿದದ್ದು ಸಣ್ಣ ಚೀಲ. ಅದರಲ್ಲಿ ಕಣದ ಮಣ್ಣು ಬೆರೆತಿತ್ತು. ನಮ್ಮ ಅಂಗಳದಿಂದ ಬಿತ್ತನೆ ಬೀಜ ಹೋಗುವಾಗ ಇಷ್ಟು ಕೊಳಕಾಗಿ ಹೋಗುವುದೇ? ಎಳ್ಳು ತೊಳೆಯುವ ಕೊಪ್ಪರಿಗೆಗೆ ನೀರು ಬಿಟ್ಟೆ.

"ಹೊಸ ಕಾಳು, ಆಯಮ್ಮಂಗೆ ಒಂದು ಫೋನ್ ಹಚ್ಚಿ ಕೇಳಬಾರದಾ?" ಎಂದರು ಗಂಡ.

"ಎಣ್ಣೆಕಾಳು ತೊಳೆಯೋದನ್ನ ನಂಗೆ ಹೇಳಿಕೊಡಬ್ಯಾಡ್ರಿ" ಎಂದು ಇಡೀ ಚೀಲ ಸುರಿದೆ.

ಸ್ವಲ್ಪ ಹೊತ್ತಿಗೆ ಕೈಗೆ ಲೋಳೆ ಹತ್ತಿತು. ಕಾಮಕಸ್ತೂರಿ ಬೀಜ ನೆನೆದಂತೆ ಒಂದೊಂದು ಕಾಳಿನ ಸುತ್ತಲೂ ಲೋಳೆ ಉಬ್ಬಿ, ಕೊಪ್ಪರಿಗೆಯ ತುಂಬ ಅಂಬಲಿಯಾಯಿತು. ಸೋಸಲು ಬಾರದು, ಬಸಿಯಲು ಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಶೆಡ್ಡಿನವರ ಮೆಕ್ಕೆಜೋಳ ಒಣಗಿಸುವ ಬಿಸಿಗಾಳಿಯ ಯಂತ್ರಕ್ಕೆ ಅದನ್ನೆಲ್ಲ ಒಡ್ಡಿದೆ. ಸಂಜೆಗೆ ಸಂಡಿಗೆಯಂತೆ ಚಕ್ಕೆಚಕ್ಕೆಯಾಗಿ ಒಣಗಿತು. ಅಂಗೈಯಲ್ಲಿ ಉಜ್ಜಿದರೆ ಕಾಳು ಒಡೆದು ಪುಡಿಯಾಯಿತು. ಗಂಡ ಬಂದು ಕೊಪ್ಪರಿಗೆ ತೊಳೆದಿಟ್ಟರು. ಬೈದಿದ್ದರೆ ತಿರುಗಿ ಜಗಳವಾಡಿ ಹಗುರವಾಗುತ್ತಿದ್ದೆ.

ಮರುದಿನ ಆ ಚಕ್ಕೆಗಳನ್ನು ಡಬ್ಬಿಗೆ ತುಂಬಿಕೊಂಡು ಹರಿಹರದ ಬಸ್ಸು ಹತ್ತಿದೆ. ನಡುದಾರಿಯ ಬಾತಿ ಊರು ದಾಟುವ ಹೊತ್ತಿಗೆ ನಾಲ್ಕು ಸುಳ್ಳು ಹೊಂದಿಸಿಕೊಂಡಿದ್ದೆ. ಇಲಿ ತಿಂತು ಅನ್ನುವುದೂ ಅದರಲ್ಲೊಂದು. ಆದರೆ ಆ ಹೆಣ್ಣುಮಗಳ ಮನೆ ಮುಟ್ಟಿ ಅವರ ಮುಖ ನೋಡಿದ ಮೇಲೆ ಯಾವುದೂ ಬಾಯಿಗೆ ಬರಲಿಲ್ಲ. "ತೊಳೆದುಬಿಟ್ಟೆ" ಎಂದೆ.

"ಎಲ್ಲಾನೂ?"

"ಎಲ್ಲಾನೂ."

ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು. ಡಬ್ಬಿಯ ಮುಚ್ಚಳ ತೆಗೆದರು. ಆಮೇಲೆ ಒಂದು ಚಕ್ಕೆ ಮುರಿದು, ಮೊಳಕೆ ಬರುತ್ತದೇನೋ ಎಂದು ಒದ್ದೆ ಬಟ್ಟೆಯಲ್ಲಿ ಕಟ್ಟಿದರು. ನನಗೆ ಮಂಡಕ್ಕಿ ಕಲೆಸಿ ತಂದುಕೊಟ್ಟರು.

ವಾರದ ಮೇಲೆ ಅವರಿಂದಲೇ ಫೋನ್ ಬಂತು. ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಾಗೆಯೇ ಬಟ್ಟೆಯಲ್ಲಿ ಕಟ್ಟಿ ಪರೀಕ್ಷಿಸಿದ್ದರಂತೆ, ಹದಿಮೂರು ಮೊಳಕೆ ಬಂದಿದ್ದವಂತೆ. ಅವನ್ನು ಕುಂಡದಲ್ಲಿಟ್ಟು ಮಗುವಿನಂತೆ ಸಾಕಿದರು. ಅದರ ಬೀಜದಿಂದ ಮುಂದಿನ ವರ್ಷ ನಾಲ್ಕು ಸಾಲು, ಅದರ ಮುಂದಿನ ವರ್ಷ ಹೊಲದ ಒಂದು ಮೂಲೆ.

ಈ ಸಲ ಸುಗ್ಗಿ ಮುಗಿಸಿ ಮತ್ತೆ ನಮ್ಮ ಮಿಲ್ಲಿಗೇ ಬಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. "ಬರ್ರಿ, ಕೂಡ್ರಿ" ಎಂದು ಓಡಿ ಹೋಗಿ ಎಣ್ಣೆಯ ಚೀಲ ಇಳಿಸಿಕೊಂಡೆ. ಕಂಕುಳಲ್ಲಿದ್ದ ಸಣ್ಣ ಚೀಲಕ್ಕೂ ಕೈ ಚಾಚಿದೆ.

ಅವರು ಅದನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇದು ನಮ್ಮನಿ ಮಾಳಿಗಿ ಮ್ಯಾಲೇ ಒಣಗಲಿ ಬಿಡ್ರಿ. ನಿಮ್ಮ ತಕ್ಕಡ್ಯಾಗ ಒಂಚೂರು ತೂಕ ನೋಡೋಣಂತ ತಂದೆ ಅಷ್ಟೇ."

ಆಗಲಿ ಎಂದೆ. ಚುಚ್ಚಲಿಲ್ಲ ಎಂದರೆ ಸುಳ್ಳಾದೀತು, ಚುಚ್ಚಿತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಆ ಚೀಲವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ.