ಐನೂರು ಜಿಂಕೆ, ಒಂದು ಹುಲಿ

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಆಕೆಗೆ ಕೆಲಸ ಸಿಕ್ಕಿದಾಗ ಅದೇನು ಕೆಲಸವೆಂದು ಮನೆಯವರಿಗೆ ಅರ್ಥವಾಗಲಿಲ್ಲ. ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಕಲಿಸುವ ಕಂಪ್ಯೂಟರ್ ಆಟ ಮಾಡುವ ಕಂಪನಿ ಅದು. ಒಂದು ಕೋಣೆ, ಮೂರು ಮೇಜು, ತೆರೆದರೆ ಮುಚ್ಚಲು ಬಾರದ ಒಂದು ಕಿಟಕಿ. ಪರದೆಯ ಕೆಳಗೆ ಪ್ರಾಣಿಗಳು ಸಾಲಾಗಿ ನಿಂತಿರುತ್ತವೆ. ಮಗು ಒಂದೊಂದನ್ನೂ ಎಳೆದು ಕಾಡಿಗೋ ಕೆರೆಗೋ ಮರಳುಗಾಡಿಗೋ ಬಿಡಬೇಕು. ಯಾವುದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ ಎಂದು ಪಟ್ಟಿ ಬರೆದುಕೊಡುವುದು ಆಕೆಯ ಪಾಲಿನ ಕೆಲಸ.

"ಅಂದ್ರೆ, ಹುಲಿ ಕಾಡಲ್ಲಿರುತ್ತೆ ಅಂತ ಹೇಳೋದಕ್ಕೆ ಸಂಬಳ ಕೊಡ್ತಾರಾ?" ಎಂದು ಗಂಡ ಕೇಳಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಹೋಗದ, ಕೆಳಗೆ ಬಾರದ ಕೆಲಸಗಳು ಅವನಿಗೆ ಕೆಲಸದಂತೆ ಕಾಣುತ್ತಿರಲಿಲ್ಲ. ಕೊಡುತ್ತಾರೆ, ಆದರೆ ಮೂರು ತಿಂಗಳು ನೋಡಿ ಖಾಯಂ ಮಾಡುತ್ತಾರೆ ಎಂದು ಆಕೆ ಹೇಳಿದಳು.

ಮದುವೆಗೆ ಮೊದಲು ಆಕೆ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿದ್ದಳು. ಆಮೇಲಿನ ಹದಿನೆಂಟು ವರ್ಷ ಆ ವಿದ್ಯೆಯೆಲ್ಲ ಅಡುಗೆಮನೆಯಲ್ಲೇ ಖರ್ಚಾಯಿತು. ಡಬ್ಬಿಗಳಿಗೆಲ್ಲ ಚೀಟಿ, ಚೀಟಿಯ ಮೇಲೆ ತಾರೀಕು. ಗೋಡೆಯಲ್ಲಿ ಸಾಗುವ ಇರುವೆ ಸಾಲನ್ನು ಒರೆಸುವ ಮುನ್ನ ಅದು ಎಲ್ಲಿಂದ ಹೊರಟಿದೆ ಎಂದು ನೋಡಿಕೊಂಡು ಬರುವುದು. ಆಕೆಗೆ ಗೊತ್ತಿದ್ದುದನ್ನು ಈ ಹದಿನೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಈಗ ದಿನವೂ ಕೇಳುತ್ತಿದ್ದರು. ಮೂರು ತಿಂಗಳಾದ ಮೇಲೂ ಕೇಳುತ್ತಿರಲಿ ಎಂಬುದೊಂದೇ ಆಕೆಯ ಆಸೆ.

ಕಚೇರಿಯಲ್ಲಿ ಆಕೆ ಪಟ್ಟಿ ಮೇಡಂ. ಆಕೆ ಬರೆದುದನ್ನು ಆಟವಾಗಿಸುತ್ತಿದ್ದ ನಲವತ್ತು ದಾಟಿದ ಬೋಳುತಲೆಯ ಪ್ರೋಗ್ರಾಮರನಿಗೆ ಎಲ್ಲರೂ ಮೌನಿ ಎನ್ನುತ್ತಿದ್ದರು. ಅವನು ಪ್ರಶ್ನೆ ಕೇಳುವವನಲ್ಲ. ಪಟ್ಟಿಯಲ್ಲಿ ಏನಿದೆಯೋ ಅದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೂಬೆಯ ಮುಂದೆ 'ರಾತ್ರಿ ಮಾತ್ರ ಎಚ್ಚರ' ಎಂದು ಆಕೆ ಬರೆದಿದ್ದಳು. ಸಂಜೆ ಏಳು ಹೊಡೆಯುವ ತನಕ ಗೂಬೆ ಪರದೆಗೇ ಬಾರದಂತೆ ಅವನು ಮಾಡಿಟ್ಟ. ಹೀಗಾಗಿ ಇಡೀ ಕಚೇರಿಯಲ್ಲಿ ಆ ಗೂಬೆಯನ್ನು ಕಣ್ಣಾರೆ ಕಂಡವನು ಕಂಪ್ಯೂಟರ್ ಆರಿಸಲು ಬರುತ್ತಿದ್ದ ಕಾವಲುಗಾರ ಒಬ್ಬನೇ.

ಮೂರನೆಯ ತಿಂಗಳ ಕೊನೆಯ ಶುಕ್ರವಾರ ಒಂದು ದೊಡ್ಡ ಶಾಲೆಯ ಮುಖ್ಯೋಪಾಧ್ಯಾಯಿನಿ ಆಟ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪಟ್ಟಿ ಮೇಡಂ ಖಾಯಂ, ಇಲ್ಲದಿದ್ದರೆ ಪಟ್ಟಿಯೂ ಬೇಡ, ಮೇಡಮ್ಮೂ ಬೇಡ ಎಂದು ಕಂಪನಿಯ ಯಜಮಾನರು ನಗುನಗುತ್ತಲೇ ಹೇಳಿದ್ದರು. ಅವರು ಮೊದಲು ಶಾಲಾ ಬ್ಯಾಗ್ ಮಾರುತ್ತಿದ್ದವರು. ಗಿರಾಕಿಯ ಮುಂದೆ ಯಾವುದೂ ಹರಿಯಬಾರದು ಎಂಬುದು ಅವರ ನಿಯಮ.

ಆ ವಾರದ ಸೋಮವಾರ ಮಧ್ಯಾಹ್ನ ಮೌನಿ ಕಾಡಿನ ಆಟವನ್ನು ಚಾಲೂ ಮಾಡಿಟ್ಟ. ಹನ್ನೆರಡು ಜಿಂಕೆ, ಒಂದು ಹುಲಿ. ಎಲ್ಲರೂ ಊಟಕ್ಕೆ ಹೋಗಿ, ಹರಟಿ, ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಕಾಡು ಖಾಲಿ. ನಟ್ಟನಡುವೆ ಹುಲಿಯೊಂದೇ ನಿಂತು ಅತ್ತಿತ್ತ ಕತ್ತು ತಿರುಗಿಸುತ್ತಿತ್ತು.

ಜಿಂಕೆಗಳು ಎಲ್ಲಿ ಎಂದು ಯಜಮಾನರು ಕೇಳಿದರು. ಮೌನಿ ಮಾತಾಡದೆ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟ. 'ಹುಲಿ. ಆಹಾರ: ಜಿಂಕೆ. ವಾರಕ್ಕೆ ಒಂದು.'

ಮಗು ಓದಿಕೊಳ್ಳಲಿ ಎಂದು ಆಕೆ ಬರೆದಿದ್ದಳು. ಹುಲಿ ತಿನ್ನಲಿ ಎಂದು ಅವನು ತಿಳಿದಿದ್ದ. ಆಟದಲ್ಲಿ ಎರಡು ದಿನವೆಂದರೆ ಗಡಿಯಾರದ ಒಂದು ನಿಮಿಷ. ಹನ್ನೆರಡು ಜಿಂಕೆಗೆ ಹನ್ನೆರಡು ವಾರ, ಎಂಬತ್ತನಾಲ್ಕು ದಿನ, ನಲವತ್ತೆರಡು ನಿಮಿಷ. ಲೆಕ್ಕ ಸರಿಯಾಗಿದೆ ಎಂಬುದೇ ಆಕೆಗೆ ಮೊದಲು ಹೊಳೆದದ್ದು. ಕೆಲಸ ಹೋಗಬಹುದು ಎಂಬುದು ಆಮೇಲೆ.

ಯಜಮಾನರಿಗೆ ಪರಿಹಾರ ಸಿಕ್ಕಿಯಾಗಿತ್ತು. "ಹುಲಿಗೂ ಬಾಳೆಹಣ್ಣು ಅಂತ ಬರೆದುಬಿಡಿ ಮೇಡಂ. ಚಿಕ್ಕ ಮಕ್ಕಳ ಆಟ ತಾನೇ? ನಾಳೆ ಬೆಳಿಗ್ಗೆ ಪಟ್ಟಿ ಕೊಡಿ."

ಮನೆಯಲ್ಲಿ ವಿಷಯ ಹೇಳಿದಾಗ ಗಂಡನಿಗೆ ನಗು ತಡೆಯಲಾಗಲಿಲ್ಲ. "ಬರೆದುಬಿಡೇ. ಹುಲಿ ಬಂದು ಕೇಳುತ್ತಾ?"

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಬಾಳೆಹಣ್ಣು ತಿನ್ನೋದಾದ್ರೆ ಅದಕ್ಕೆ ಅಷ್ಟುದ್ದ ಹಲ್ಲು ಯಾಕಮ್ಮಾ?"

ಅತ್ತೆ ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು. ಐದು ವರ್ಷದ ಮಗುವೂ ಇದನ್ನೇ ಕೇಳುತ್ತದೆ ಎಂದು ಆಕೆಗೆ ಎನಿಸಿತು. ಅಲ್ಲದೆ, ತಪ್ಪು ಹುಲಿಯದಲ್ಲ. ತಿನ್ನುವುದಕ್ಕೊಂದು ಕಾಲಂ ಹಾಕಿದವಳು ಮರಿ ಹಾಕುವುದಕ್ಕೊಂದು ಹಾಕಿರಲಿಲ್ಲ. ಆಕೆ ಅಲ್ಲೇ ಪೆನ್ಸಿಲ್ ಹಿಡಿದು ಕುಳಿತಳು. ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು ಐವತ್ತು ಜಿಂಕೆ. ಹಿಂಡು ಕರಗದಿರಬೇಕಾದರೆ ಹುಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ತಿನ್ನಬಾರದು. ಹಾಗಾದರೆ ಒಂದು ಹುಲಿಗೆ ಐನೂರು ಜಿಂಕೆ ಬೇಕು.

ಮರುದಿನ ಆಕೆ ಕೊಟ್ಟ ಪಟ್ಟಿಯಲ್ಲಿ ಬಾಳೆಹಣ್ಣು ಇರಲಿಲ್ಲ. ಇನ್ನು ಜಿಂಕೆಗಳು ಮಾಯವಾಗುವುದಿಲ್ಲ ಎಂದಷ್ಟೇ ಯಜಮಾನರಿಗೆ ಹೇಳಿದಳು. ಅದು ಸುಳ್ಳಲ್ಲ. ಮೌನಿ ಎಂದಿನಂತೆ ಕೇಳದೆ, ಹೇಳದೆ ಮೂರು ದಿನ ಕೀಲಿಮಣೆ ಕುಟ್ಟಿದ.

ಶುಕ್ರವಾರ ಮುಖ್ಯೋಪಾಧ್ಯಾಯಿನಿ ನಾಲ್ಕು ಮಕ್ಕಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಹುಲಿಯನ್ನು ಹುಡುಕಿ ಅದರ ಮೇಲೆ ಒತ್ತುವುದೇ ಮೊದಲ ಆಟ ಎಂದು ಯಜಮಾನರು ವಿವರಿಸಿ ಪರದೆ ತೆರೆದರು. ಈ ಅಂಚಿನಿಂದ ಆ ಅಂಚಿಗೆ ಬರೀ ಜಿಂಕೆ. ಕಾಡು ಕಾಣದಷ್ಟು ಜಿಂಕೆ. ಯಜಮಾನರು ಮೌನಿಯ ಕಡೆ ನೋಡಿದರು. ಮೌನಿ ಪಟ್ಟಿಯ ಕಡೆ ನೋಡಿದ. ಪಟ್ಟಿ ಮೇಡಂ ಕಿಟಕಿಯ ಕಡೆ ನೋಡಿದಳು.

ಮಕ್ಕಳು ಹುಡುಕತೊಡಗಿದರು. ಇಲ್ಲಿದೆ ಎಂದು ಒಬ್ಬ ಒತ್ತಿದ, ಜಿಂಕೆ. ಅಲ್ಲಿದೆ ಎಂದು ಇನ್ನೊಬ್ಬಳು ಒತ್ತಿದಳು; ಅದೂ ಜಿಂಕೆಯೇ. ಎರಡು ನಿಮಿಷವಾಗುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬ ಹುಡುಗನನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕುಳಿತು ಕನ್ನಡಕ ಸರಿಮಾಡಿಕೊಂಡಿದ್ದರು. ಬ್ಯಾಗ್ ವ್ಯಾಪಾರಕ್ಕೆ ಮರಳುವ ದಾರಿಯನ್ನು ಯೋಚಿಸುತ್ತಿರುವವರಂತೆ ಯಜಮಾನರು ಬೆವರು ಒರೆಸಿಕೊಂಡರು.

ಆಗ ಎಲ್ಲರಿಗಿಂತ ಚಿಕ್ಕ ಹುಡುಗಿ ಹೇಳಿದಳು: "ಮಿಸ್, ಎಲ್ಲಾ ಜಿಂಕೆನೂ ಆ ಪೊದೆ ಕಡೆನೇ ನೋಡ್ತಿವೆ."

ನಿಜ. 'ಅಪಾಯದ ಸುಳಿವು ಸಿಕ್ಕಿದರೆ ಹಿಂಡೆಲ್ಲ ಅತ್ತಲೇ ನೋಡುತ್ತದೆ' ಎಂದು ಜಿಂಕೆಯ ಸಾಲಿನಲ್ಲಿತ್ತು, ಮೌನಿ ಐನೂರು ಕತ್ತುಗಳನ್ನೂ ಬಿಡದೆ ತಿರುಗಿಸಿದ್ದ. ಹುಡುಗಿ ಪೊದೆಯ ಮೇಲೆ ಒತ್ತಿದಳು. ಹುಲಿ ಎದ್ದು ಬಂತು. ಪರದೆ ತೆರೆದು ಮೂರೂವರೆ ನಿಮಿಷವಾಗಿತ್ತು, ಅಂದರೆ ಆಟದ ಲೆಕ್ಕದಲ್ಲಿ ಒಂದು ವಾರ. ಹುಲಿ ತನ್ನ ಪಾಲಿನ ಜಿಂಕೆಯನ್ನು ತಿಂದಿತು.

ಪರದೆಯ ಮೂಲೆಯ ಅಂಕಿ ನಾನೂರ ತೊಂಬತ್ತೊಂಬತ್ತಾಯಿತು. ಅಳು ಬರುವ ಸೂಚನೆ ಒಂದೆರಡು ಮುಖಗಳಲ್ಲಿ ಕಾಣಿಸಿತು. ಅಷ್ಟರಲ್ಲಿ ಹುಲ್ಲಿನ ನಡುವೆ ಒಂದು ಮರಿ ತಡವರಿಸುತ್ತ ಎದ್ದು ನಿಂತಿತು, ಅಂಕಿ ಐನೂರಕ್ಕೆ ಮರಳಿತು. "ಹಸಿವಾಗಿತ್ತು ಪಾಪ," ಎಂದು ಹುಡುಗಿ ಉಳಿದವರಿಗೆ ತಿಳಿಸಿ ಹೇಳಿದಳು.

"ಇದನ್ನೆಲ್ಲ ಬರೆದೋರು ಯಾರು?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು.

ಯಜಮಾನರ ಕೈ ಆಕೆಯತ್ತ ಚಾಚಿತು. ಆದರೆ ಬರುವುದು ಬೈಗುಳವೋ ಹೊಗಳಿಕೆಯೋ ಗೊತ್ತಿಲ್ಲದೆ ಅರ್ಧದಲ್ಲೇ ನಿಂತಿತು. ಆಕೆ ತಾನೇ ಮುಂದೆ ಬಂದಳು. "ನಾನೇ ಮೇಡಂ. ಒಂದು ಹುಲಿ ಇರ್ಬೇಕಂದ್ರೆ ಅಷ್ಟು ಜಿಂಕೆ ಬೇಕು. ಕಮ್ಮಿ ಮಾಡೋಕಾಗಲ್ಲ."

"ಕಮ್ಮಿ ಮಾಡಿ ಅಂತ ಯಾರು ಹೇಳಿದ್ರು?" ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ. "ಮುಂದಿನ ತಿಂಗಳು ಎಲ್ಲಾ ತರಗತಿಗೂ ಹಾಕಿಸಿ. ಈಗ ಇನ್ನೊಂದು ಸಲ ಬಚ್ಚಿಡಿ, ಈ ಸಲ ನಾನು ಹುಡುಕ್ತೀನಿ."

ಯಜಮಾನರ ಕೈಗೆ ಆಗ ಜೀವ ಬಂತು. ಐನೂರು ಜಿಂಕೆ ಮೊದಲಿನಿಂದಲೂ ತಮ್ಮದೇ ಯೋಚನೆ ಎಂದು ಅವರು ಮೆಟ್ಟಿಲಿನವರೆಗೂ ಹೇಳಿಕೊಂಡು ಹೋದರು. ಮರಳಿ ಬಂದು, ಸೋಮವಾರದಿಂದ ನೀವು ಖಾಯಂ, ಸಮುದ್ರದ ಆಟ ಶುರು ಮಾಡಿ ಎಂದರು.

ಸೋಮವಾರ ಆಕೆ ಅರ್ಧ ಗಂಟೆ ಮೊದಲೇ ಬಂದು ಹೊಸ ಪಟ್ಟಿ ತೆರೆದಳು. ಈ ಬಾರಿ ಮರಿಗಳ ಕಾಲಂ ಹಾಕಿ ಆಮೇಲೆ ಆಹಾರದ್ದು ಹಾಕಿದಳು. ಮೊದಲ ಸಾಲು ನೀಲಿ ತಿಮಿಂಗಿಲ. ಅದು ತಿನ್ನುವ, ಸೀಗಡಿಯನ್ನು ಹೋಲುವ ಪುಟ್ಟ ಜೀವಿಗಳ ಸಂಖ್ಯೆಯನ್ನು ಎರಡು ಪುಸ್ತಕ ತೆರೆದು ತಾಳೆ ನೋಡಿ ಬರೆದಳು. ನಾಲ್ಕು ಕೋಟಿ.

ಮೌನಿ ಬಂದು ಹಿಂದೆ ನಿಂತ. ಸೊನ್ನೆಗಳನ್ನು ಬೆರಳಿನಿಂದ ಎಣಿಸಿದ, ಮತ್ತೊಮ್ಮೆ ಎಣಿಸಿದ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದ.

"ವರ್ಷಕ್ಕಾ?"

"ದಿನಕ್ಕೆ," ಎಂದಳು ಪಟ್ಟಿ ಮೇಡಂ.

ಅವನು ಆಗಷ್ಟೇ ಕೆಳಗಿಟ್ಟಿದ್ದ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು, ಮಾತಿಲ್ಲದೆ ಮೆಟ್ಟಿಲಿಳಿದು ಚಹಾ ಕುಡಿಯಲು ಹೋದ.