ಜಗುಲಿಯ ಮೂರು ಕಲ್ಲು

ಹೋದ ವಾರ ಚಾಮರಾಜನಗರದಲ್ಲಿ ಮೂವತ್ತು ಜನ ಹುಡುಗ ಹುಡುಗಿಯರ ಮುಂದೆ ನಿಂತು, "ಒಂದು ಒಲೆ ಅಂದರೆ ಒಂದು ಮನೆ, ಇದನ್ನು ಮರೀಬೇಡಿ" ಎಂದು ಹೇಳುತ್ತಿದ್ದೆ. ಅದೇ ಹೊತ್ತಿಗೆ ಕಿಟಕಿಯಿಂದ ಬೆಂದ ಅರಿಶಿನದ ವಾಸನೆ ಬಂತು. ತರಬೇತಿಯ ಕಟ್ಟಡ ಊರ ಹೊರಗಿತ್ತು, ಹಿಂದೆಯೇ ಹೊಲ. ಯಾರೋ ಅರಿಶಿನ ಬೇಯಿಸುತ್ತಿದ್ದರು. ಮಣ್ಣು, ಹೊಗೆ, ಔಷಧಿ ಎಲ್ಲ ಕಲಸಿದಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಮಾತು ನಿಂತುಹೋಯಿತು. ಏನೋ ಮುಖ್ಯವಾದದ್ದನ್ನು ಹೇಳುತ್ತಾಳೆ ಎಂದು ಹುಡುಗರು ಪೆನ್ನು ಹಿಡಿದು ಕಾದರು. ನಾನು ನೀರು ಕುಡಿದು, ಹತ್ತು ನಿಮಿಷ ಟೀಗೆ ಹೋಗಿಬನ್ನಿ ಅಂದೆ.

ಕುಡಿತದ ಹಾನಿ ತಗ್ಗಿಸಲು ಸರ್ಕಾರ ಮಾಡಿದ ಕೆಲಸಗಳಿಂದ ಹಳ್ಳಿಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಸಮೀಕ್ಷೆ ಅದು. ಈಗ ನಾನು ಕಲಿಸುವವಳು. ಕೆಲವು ವರ್ಷಗಳ ಹಿಂದೆ ಇಂಥದೇ ಸಮೀಕ್ಷೆಗೆ ಪ್ಯಾಡು ಹಿಡಿದು ಬೀದಿ ಅಲೆದವಳು. ಆಗ ನಾನು ಬರೆದುಕೊಳ್ಳದೆ ಬಿಟ್ಟುಬಂದ ಒಬ್ಬ ಮನುಷ್ಯನಿದ್ದ. ನಮ್ಮ ಎದುರುಮನೆಯ ಮಾವ.

ರಕ್ತಸಂಬಂಧದ ಮಾವನೇನಲ್ಲ. ಹರವೆ ಕಡೆಯ ನಮ್ಮೂರಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು, ಹಾಗಾಗಿ ಅವನು ಮಾವ, ಅವನ ಹೆಂಡತಿ ಅತ್ತೆ. ಅರಿಶಿನ ಬೇಯಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಒಂದೊಂದು ಹೊಲದವರೂ ಅವನನ್ನು ಕರೆಯಲು ಸರದಿ ನಿಲ್ಲುತ್ತಿದ್ದರು. ಕೊಪ್ಪರಿಗೆಯಲ್ಲಿ ಕುದಿಯುವ ಅರಿಶಿನ ಒಂದು ಚೂರು ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಮ್ಮಿ ಬೆಂದರೆ ಒಣಗಿದ ಮೇಲೆ ಹುಳು ಹಿಡಿಯುತ್ತದೆ. ಬೇರೆಯವರು ಕಡ್ಡಿ ಚುಚ್ಚಿ ನೋಡುತ್ತಿದ್ದರು. ಮಾವ ಕಣ್ಣು ಮುಚ್ಚಿ ಆವಿಯ ವಾಸನೆ ಎಳೆದುಕೊಂಡು, "ಈಗ ಇಳ್ಸಿ" ಅನ್ನುತ್ತಿದ್ದ. ಅವನ ಮಾತು ಒಮ್ಮೆಯೂ ಸುಳ್ಳಾದದ್ದನ್ನು ನಾನು ನೋಡಲಿಲ್ಲ. ಅವನ ಅಂಗೈ, ಉಗುರು, ಕಾಲಿನ ಬಿರುಕು ಎಲ್ಲ ಹಳದಿ. ನಾನು ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡರೆ ಅವ್ವನ ಹತ್ತಿರ ಹೋಗುತ್ತಿರಲಿಲ್ಲ. ಮಾವನ ಹತ್ತಿರ ಓಡುತ್ತಿದ್ದೆ. ಆ ಹಳದಿ ಕೈ ಮುಟ್ಟಿದರೆ ಸಾಕು, ಗಾಯ ಮಾಯುತ್ತದೆ ಎಂದು ನಂಬಿದ್ದೆ.

ಇಡೀ ದಿನ ಬೆಂಕಿಯ ಮುಂದೆ ನಿಂತವರಿಗೆ ಮೈಕೈ ನೋವಿಗೆಂದು ಹೊಲದವರೇ ಕುಡಿಸುತ್ತಿದ್ದರಂತೆ. ಶುರುವಾದದ್ದು ಹಾಗೆ. ಆಮೇಲಿನ ಅವನ ಕುಡಿತದ ಚರಿತ್ರೆ ಅಂದರೆ ಸರ್ಕಾರದ ಆದೇಶಗಳ ಚರಿತ್ರೆಯೇ. ಸಾರಾಯಿ ನಿಂತಿತು, ಮಾವ ಪ್ಯಾಕೆಟ್ಟಿನ ವಿಸ್ಕಿಗೆ ಬಂದ. ರೇಟು ಏರಿತು, ಮಾವ ಬೀಡಿ ಬಿಟ್ಟ, ಭಾನುವಾರದ ಬಾಡು ಬಿಟ್ಟ, ಅದನ್ನು ಮಾತ್ರ ಬಿಡಲಿಲ್ಲ. ಎಲೆಕ್ಷನ್ನಿಗೆ ಅಂಗಡಿ ಮುಚ್ಚಿದರೆ ಹಿಂದಿನ ದಿನವೇ ತಂದಿಟ್ಟುಕೊಳ್ಳುತ್ತಿದ್ದ. ಊರ ಹೆಂಗಸರು ಬಿಸಿಲಲ್ಲಿ ಕೂತು ಧರಣಿ ಮಾಡಿ ಅಂಗಡಿಯನ್ನೇ ಊರಿನಿಂದ ಎತ್ತಿಸಿದಾಗ, ಅದು ಗುಂಡ್ಲುಪೇಟೆ ರಸ್ತೆಗೆ ಹೋಗಿ ಕೂತಿತು. ಮಾವ ಅಲ್ಲಿಗೆ ನಡೆದ. ನಡೆದು ಹೋಗುತ್ತಿದ್ದವನು ವಾಪಸ್ಸು ಬರುವಾಗ ಎಷ್ಟೋ ಸಲ ದಾರಿಯಲ್ಲೇ...

ಕುಡಿದು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಕುಡಿದು ಬಂದು ಹಸುವಿನ ಕೊರಳು ತಬ್ಬಿಕೊಂಡು ಅಳುತ್ತಿದ್ದ, ಅಷ್ಟೇ. ಆದರೆ ಅತ್ತೆಯ ಮುಖ ವರ್ಷದಿಂದ ವರ್ಷಕ್ಕೆ ಬತ್ತಿಹೋಯಿತು. ಧರಣಿಯಲ್ಲಿ ಎಲ್ಲರಿಗಿಂತ ಮುಂದೆ ಕೂತವಳು ಅವಳೇ.

ಅಂಗಡಿ ಹೋದರೂ ಕುಡಿತ ಹೋಗಲಿಲ್ಲ ಎಂದು ಗೊತ್ತಾದಾಗ ಹೆಂಗಸರ ಸಂಘದವರು ಇನ್ನೊಂದು ದಾರಿ ಹಿಡಿದರು. ಮಾರಮ್ಮನ ಗುಡಿಯಲ್ಲಿ ದೀಪದ ಮೇಲೆ ಕೈಯಿಟ್ಟು ಆಣೆ ಮಾಡಿದರು. ಕುಡಿಯುವ ಗಂಡಸಿಗೆ ನಮ್ಮ ಒಲೆಯ ಅನ್ನವಿಲ್ಲ, ಅವನು ಬೇರೆ ಬೇಯಿಸಿಕೊಳ್ಳಲಿ. ಆಣೆ ಮುರಿದವಳು ಸಂಘಕ್ಕೂ ಇಲ್ಲ, ಮಾರಮ್ಮನ ದೀಪಕ್ಕೂ ಇಲ್ಲ. ಅತ್ತೆ ಜಗುಲಿಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟಳು. ಇದು ನಿನ್ನ ಒಲೆ ಅಂದಳು. ಮಾವ ಎದುರಾಡಲಿಲ್ಲ. ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ಆ ಕಲ್ಲುಗಳ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಬೀದಿಯಲ್ಲಿ ಹೋಗುವವರು ನೋಡಿ ನಗುತ್ತಿದ್ದರು.

ಅಷ್ಟು ಹೊತ್ತಿಗೆ ನಾನು ಮದುವೆಯಾಗಿ ಗುಂಡ್ಲುಪೇಟೆಯಲ್ಲಿದ್ದೆ. ಸಮೀಕ್ಷೆಯ ತಾತ್ಕಾಲಿಕ ಕೆಲಸ ಸಿಕ್ಕಾಗ ನಮ್ಮೂರನ್ನು ನನಗೇ ಕೊಡಿ ಎಂದು ಕೇಳಿಕೊಂಡೆ. ಊರಿನವರು ನನ್ನ ಹತ್ತಿರ ಮುಚ್ಚುಮರೆ ಮಾಡುವುದಿಲ್ಲ ಎಂಬ ಜಂಬ ನನಗೆ. ಯಾವ ಊರಿನಲ್ಲಿ ಕುಡಿಯುವವರು ಹೆಚ್ಚು ಎಂದು ಫಾರಂ ತೋರಿಸುತ್ತದೋ ಆ ಊರಿಗೆ ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ, ಔಷಧಿ ಕೊಟ್ಟು ಕುಡಿತ ಬಿಡಿಸುತ್ತಾರೆ ಎಂದು ಮೇಲಿನವರು ಹೇಳಿದ್ದರು. ಈ ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತ್ತು.

ಎದುರುಮನೆಗೆ ಹೋದಾಗ ಸಂಘದ ನಾಲ್ಕೈದು ಹೆಂಗಸರು ನನ್ನ ಹಿಂದೆಯೇ ಬಂದು ನಿಂತರು. ಬರಬೇಡಿ ಎನ್ನಬೇಕಿತ್ತು, ಅನ್ನಲಿಲ್ಲ. ಜಗುಲಿಯ ಮೇಲೆ ಕೂತೆ. ಗಾಳಿಗೆ ಹಾಳೆ ಹಾರುತ್ತಿದ್ದವು. ಮಾವನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಫಾರಂಗಳನ್ನು ಆ ಮೂರು ಕಲ್ಲುಗಳ ಮೇಲೆ ಜೋಡಿಸಿ, ಮೇಲೆ ಪ್ಯಾಡು ಹೇರಿ ಬರೆಯತೊಡಗಿದೆ.

"ಮನೇಲಿ ಕುಡಿಯೋರು ಅದಾರಾ ಅತ್ತೆ?"

ಅತ್ತೆ ಹೆಂಗಸರ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು. "ನನ್ ಒಲೇಲಿ ಉಣ್ಣೋರು ಯಾರೂ ಕುಡಿಯಲ್ಲ ಕಣವ್ವ. ಅವ್ರ್ದು ಬ್ಯಾರೆ ಒಲೆ."

ನಿಯಮದ ಪ್ರಕಾರ ಸರಿಯಾದ ಉತ್ತರ. ಇಲ್ಲ ಎಂಬ ಕಡೆ ಗುರುತು ಹಾಕಿದೆ. ಬೇರೆ ಒಲೆಯಾದರೆ ಬೇರೆ ಮನೆ, ಬೇರೆ ಮನೆಗೆ ಪಂಚಾಯಿತಿಯ ಬೇರೆ ನಂಬರು ಇರಬೇಕು, ನಂಬರಿಲ್ಲದ ಫಾರಂ ವಾಪಸ್ಸು ಬರುತ್ತದೆ. ಇದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ.

ಎದ್ದು ಹೊರಟಾಗ ಮಾವ ಕೊಟ್ಟಿಗೆಯಿಂದ ಬಂದ. ಕುಡಿದಿರಲಿಲ್ಲ. ಕೈ ಮಾತ್ರ ಸಣ್ಣಗೆ ನಡುಗುತ್ತಿತ್ತು.

"ನನ್ನೂ ಬರ್ಕೊ ಕಣಮ್ಮಿ. ಡಾಕುಟ್ರು ಬತ್ತಾರಂತಲ್ಲ... ನಂಗೂ ಬುಡ್ಬೇಕು ಅನ್ಸದೆ. ಒಬ್ನೇ ಆಯ್ತಾ ಇಲ್ಲ."

"ನಂಬರ್ ಇಲ್ದೆ ಬರ್ಕೊಳಕ್ಕೆ ಬರಲ್ಲ ಮಾವ."

"ನಂಬರ್ ಇದ್ರೆ ಬರ್ಕತೀಯಾ?"

"ಹೂಂ ಮಾವ, ಇದ್ರೆ ಬರ್ಕತೀನಿ" ಅಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಮಗುವಿಗೆ ಹೇಳುವ ಹಾಗೆ ಹೇಳಿ, ಚಪ್ಪಲಿ ಮೆಟ್ಟಿ ನಡೆದೆ.

ನಮ್ಮೂರಿನ ಫಾರಂಗಳನ್ನು ನೋಡಿ ಮೇಲಿನ ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. "ಹಳ್ಳಿಯಿಂದ ಬಂದ ಹಾಳೆ ಅನ್ನೋಕಾಗಲ್ಲ, ಒಂದು ಕಲೆ ಇಲ್ಲ ನೋಡಿ" ಎಂದು ಎತ್ತಿ ತೋರಿಸಿದರು. ಆಣೆ ಮಾಡಿದ ಮನೆಯವರೆಲ್ಲ ಬೇರೆ ಒಲೆ ಎಂದೇ ಹೇಳಿದ್ದರಿಂದ ನಮ್ಮೂರಿನ ಲೆಕ್ಕದಲ್ಲಿ ಕುಡಿಯುವವನು ಒಬ್ಬನೂ ಇರಲಿಲ್ಲ. ಅಂಗಡಿ ಎತ್ತಿಸಿದ್ದು ಫಲ ಕೊಟ್ಟ ಮಾದರಿ ಊರು ಎಂದು ವರದಿಯಲ್ಲಿ ಬಂತು. ಡಾಕ್ಟರು ಕೇರಳದ ಗಡಿಗೆ ಹತ್ತಿರದ, ನಮ್ಮ ಮದ್ದೂರು ಕಡೆಯ ಒಂದು ಊರಿಗೆ ಹೋದರು. ಅಲ್ಲಿ ಕೂತು ಹೆಸರು ಬರೆದುಕೊಳ್ಳುವ ಕೆಲಸವೂ ನನಗೇ ಸಿಕ್ಕಿತು.

ಅಲ್ಲಿ ನಿಜಕ್ಕೂ ಜನ ಬಿಟ್ಟರು, ಅದನ್ನು ಕಣ್ಣಾರೆ ಕಂಡೆ. ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗಿಬರುತ್ತಿದ್ದ ಗಂಡಸರು ಮೊದಲ ವಾರ ತಲೆ ತಗ್ಗಿಸಿ ಬಂದರು. ತಿಂಗಳು ಕಳೆಯುವುದರೊಳಗೆ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಬಂದು ನಗುತ್ತ ಕೂತರು. ಬೆಲೆ ಏರಿಸುವುದು, ಬಾಗಿಲು ಮುಚ್ಚಿಸುವುದು, ಆಣೆ ಇಡಿಸುವುದು ಎಲ್ಲಕ್ಕಿಂತ, ಒಬ್ಬ ಡಾಕ್ಟರು ಕುರ್ಚಿ ಹಾಕಿಕೊಂಡು ಕೂತು "ಹೇಗಿದ್ದೀಯಪ್ಪ" ಎಂದು ಕೇಳಿದ್ದು ಹೆಚ್ಚು ಕೆಲಸ ಮಾಡಿತು. ಆ ಡಾಕ್ಟರು ಮೊದಲ ದಿನವೇ ಎಲ್ಲರಿಗೂ ಒಂದು ಮಾತು ಹೇಳಿದ್ದರು. ಬಹಳ ವರ್ಷ ದಿನಾ ಕುಡಿದವರು ತಮ್ಮಷ್ಟಕ್ಕೆ ತಾವು ಏಕಾಏಕಿ ನಿಲ್ಲಿಸಬೇಡಿ, ಜೀವಕ್ಕೇ ಅಪಾಯವಾಗಬಹುದು, ನಮ್ಮ ಹತ್ತಿರ ಬನ್ನಿ. ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅಂಟಿಸುವಾಗ ಮಾವ ನೆನಪಾಗಲಿಲ್ಲ.

ಅದೇ ದಿನಗಳಲ್ಲಿ ಅವ್ವ ಫೋನು ಮಾಡಿದ್ದಳು. "ಎದುರ್ಮನೆ ಮಾವ ನಿನ್ನೇ ಕೇಳ್ತಾ ಅವ್ನೆ ಕಣೆ. ನಂಬರ್ ಬರ್ದು ಮಡ್ಗಿವ್ನಿ, ಕೂಸು ಯಾವಾಗ ಬತ್ತದೆ ಅಂತಾನೆ."

ಬರುವ ವಾರ ಬರ್ತೀನಿ ಅಂದೆ. ಆ ವಾರ ಆಗಲಿಲ್ಲ. ಇನ್ನೊಂದು ವಾರ...

ಮಾವ ಕಾದು ಕಾದು, ಡಾಕ್ಟರು ಬರುವ ಹೊತ್ತಿಗೆ ನಾನೇ ಬಿಟ್ಟು ತೋರಿಸುತ್ತೇನೆ ಎಂದು ಒಂದು ಬೆಳಿಗ್ಗೆ ನಿಲ್ಲಿಸಿಬಿಟ್ಟನಂತೆ. ಎರಡನೆಯ ದಿನ ಮೈಯೆಲ್ಲ ನಡುಗಿತು. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ್ದೆಲ್ಲ ಕಾಣತೊಡಗಿತು, ಕೊಪ್ಪರಿಗೆ ಉಕ್ತಾ ಅದೆ, ಬೆಂಕಿ ಆರ್ಸಿ ಎಂದು ಕೂಗಿದ. ಬಿಟ್ಟವನಿಗೆ ಹೀಗಾಗುವುದು ಸಹಜ, ಗಟ್ಟಿಯಾಗಿರಲಿ ಎಂದು ಊರವರು ಧೈರ್ಯ ಹೇಳಿದರು. ಮಧ್ಯಾಹ್ನ ಫಿಟ್ಸ್ ಬಂತು. ಆಟೋದಲ್ಲಿ ಮಲಗಿಸಿಕೊಂಡು ಚಾಮರಾಜನಗರಕ್ಕೆ ಹೊರಟರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು.

ನಾನು ಮಣ್ಣಿಗೆ ಹೋದೆ. ಜಗುಲಿಯ ಸುಣ್ಣ ಬಳಿದ ಕಂಬದ ಮೇಲೆ, ಆ ಮೂರು ಕಲ್ಲುಗಳಿಗೆ ಸರಿಯಾಗಿ ಮೇಲೆ, ಅರಿಶಿನದಲ್ಲಿ ೧೧೨/೧ ಎಂದು ಬರೆದಿತ್ತು. ಅವರ ಮನೆಯದು ನೂರಹನ್ನೆರಡು. ಬೇರೆಯಾದವರ ಮನೆಗೆ ಪಂಚಾಯಿತಿಯವರು ಗೆರೆ ಎಳೆದು ಒಂದು ಎಂದು ಸೇರಿಸುವುದನ್ನು ನೋಡಿ ಕಲಿತಿದ್ದ. ಸುಣ್ಣ ತಾಗಿ ಅರಿಶಿನ ಕೆಂಪಾಗಿತ್ತು. ಪಂಚಾಯಿತಿಯವರು ಬರೆಯುವ ನಂಬರಿನ ಬಣ್ಣವೇ ಬರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದನೋ ಏನೋ, ಸುಣ್ಣ ಅರಿಶಿನದ ಗುಣ ಅವನಿಗಿಂತ ಯಾರಿಗೆ ಗೊತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅತ್ತೆಗೆ ಮುಖ ತೋರಿಸದೆ ಬಸ್ಸು ಹತ್ತಿದೆ. ಆಮೇಲೆ ಅವ್ವನನ್ನೂ ಗುಂಡ್ಲುಪೇಟೆಗೆ ಕರೆತಂದೆ, ಊರಿನ ದಾರಿಯೇ ತಪ್ಪಿಸಿಕೊಂಡೆ.

ಹೋದ ವಾರ ಆ ತರಬೇತಿ ಮುಗಿಸಿ ಗುಂಡ್ಲುಪೇಟೆಗೆ ಹೊರಟವಳು ನಮ್ಮೂರಲ್ಲಿ ಇಳಿದುಬಿಟ್ಟೆ. ಯಾಕೆ ಇಳಿದೆ ಎಂದು ಈಗಲೂ ಹೇಳಲಾರೆ. ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ, "ಬಾ ಕೂಸು" ಎಂದು ಮೊರ ಸರಿಸಿದಳು, ಅಷ್ಟೇ. ಕಂಬದ ಮೇಲೆ ಆ ನಂಬರು ಇನ್ನೂ ಇತ್ತು. ಆದರೆ ಅಂಕಿಗಳು ವಾರೆಯಾಗಿ, ದಪ್ಪವಾಗಿ, ಅಂಕಿಯೆಂದೇ ಗುರುತು ಸಿಗದ ಹಾಗಾಗಿದ್ದವು.

"ಮಾಸೋಯ್ತದೆ ಕಣವ್ವ" ಅಂದಳು ಅತ್ತೆ, ನಾನು ನೋಡುವುದನ್ನು ನೋಡಿ. "ಯುಗಾದಿಗೊಂದ್ಸಲ ಅದರ್ ಮ್ಯಾಲೇ ಅರಿಸ್ನ ತೀಡ್ತೀನಿ. ನಂಗೆ ಓದಕ್ ಬತ್ತದಾ? ಎಂಗ್ ಕಾಣ್ತದೋ ಅಂಗೆ ತೀಡ್ತೀನಿ."

ನನಗೆ ಅಳು ಬಂತು. ಅವತ್ತು ಬರೆದುಕೊಳ್ಳಬೇಕಿತ್ತು ಅತ್ತೆ, ನನ್ನದೇ ತಪ್ಪು ಅಂದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದೊಂದೇ.

ಅತ್ತೆ ಕೈಯಲ್ಲಿದ್ದ ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.

"ನಿಂದೇನವ್ವ ತಪ್ಪು. ಸುಳ್ ಏಳ್ದೋಳು ನಾನು. ಕಟ್ಕಂಡೋನ್ನ ಉಪಾಸ ಕೆಡಗಾಕಾಯ್ತದಾ? ಹಸಕ್ಕಾಕೋ ಹುಲ್ಲಿನ್ ಪುಟ್ಟೀಲಿ ಹಿಟ್ಟು ಸಾರು ಮಡಗಿ ಕೊಟ್ಟಿಗೆಗೆ ಕೊಡೋಳು. ಹಸ ಪಕ್ಕ ಕುಂತ್ಕಂಡು ಉಣ್ಣೋನು. ಆಮ್ಯಾಕೆ ಬಂದು ಊರೋರು ನೋಡ್ಲಿ ಅಂತ ಬರೀ ಪಾತ್ರೆ ಮುಂದೆ ಮಡೀಕಂಡು ಕೂರೋನು. ಅವ್ರೆಲ್ಲ ನಿಂತಿದ್ರಲ್ಲ ಅವತ್ತು... ಎಂಗ್ ಏಳ್ಳಿ? ಒಂದಿನಾನೂ ಬ್ಯಾರೆ ಒಲೆ ಉರೀನೇ ಇಲ್ಲ ಕಣವ್ವ. ನೋಡು ಬೇಕಾದ್ರೆ."

ಮೂಲೆಯಲ್ಲಿ ಆ ಮೂರು ಕಲ್ಲು ಇಟ್ಟ ಹಾಗೇ ಇದ್ದವು. ಬೆರಳಿನಿಂದ ಒರೆಸಿ ನೋಡಿದೆ. ಬೆರಳಿಗೆ ಬರೀ ಧೂಳು ಬಂತು.

ಹಾಗಾದರೆ ಮಾವ ಅತ್ತೆಯ ಒಲೆಯವನೇ. ನೂರಹನ್ನೆರಡರವನೇ. ಅವನಿಗೆ ಬೇರೆ ನಂಬರೇ ಬೇಕಿರಲಿಲ್ಲ. ಮತ್ತೆ ಅವತ್ತು ನಾನು ಬರೆಯುವಾಗ ಫಾರಂಗಳನ್ನು ಜೋಡಿಸಿಟ್ಟಿದ್ದೇ ಈ ಕಲ್ಲುಗಳ ಮೇಲೆ. ದಿನಾ ಅನ್ನ ಬೇಯುವ ಒಲೆ ಎಂದು ನಂಬಿಕೊಂಡು, ಅದೇ ಒಲೆಯ ಮೇಲಿನಿಂದ ಬೆಳ್ಳಗಿನ ಹಾಳೆಗಳನ್ನು ಎತ್ತಿಕೊಂಡು ಹೋಗಿದ್ದೆ. ಒಂದು ಹಾಳೆಗೂ ಮಸಿ ಹತ್ತಿರಲಿಲ್ಲ.