ಅಕ್ಕನ ಮೈಯ ಎಳೆಗಳು

ಚಿಕ್ಕೋಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ರಕ್ತ, ಮೂತ್ರ, ಕಫ ಪರೀಕ್ಷಿಸಿ ವರದಿ ಬರೆದುಕೊಡುವುದು ನನ್ನ ಕೆಲಸ. ರೋಗ ಯಾವುದೆಂದು ಹೇಳುವುದು ವೈದ್ಯರಿಗೆ ಬಿಟ್ಟದ್ದು. ಮೈಕ್ರೋಸ್ಕೋಪಿನಲ್ಲಿ ಕಂಡಷ್ಟನ್ನು ಬರೆಯುವುದು ನನ್ನ ಪಾಲಿನದು. ಅದರಲ್ಲಿ ನಾನು ತಪ್ಪುವುದಿಲ್ಲ ಎಂಬ ಜಂಬವೂ ನನಗಿತ್ತು.

ನನ್ನ ಅಕ್ಕನನ್ನು ನಿಪ್ಪಾಣಿ ಕಡೆಯ ಭೋಜ ಎಂಬ ಹಳ್ಳಿಗೆ ಕೊಟ್ಟಿತ್ತು. ಕಬ್ಬಿನ ಹೊಲ, ನಾಲ್ಕು ಎಮ್ಮೆ, ಮಾತು ಕಡಿಮೆಯ ಗಂಡ, ವಯಸ್ಸಾದ ಅತ್ತೆ. ಒಬ್ಬಳೇ ಮಗಳು ಮದುವೆಯಾಗಿ ಸಾಂಗಲಿ ಕಡೆ ಹೋಗಿದ್ದಳು. ನಮ್ಮದು ಜೈನರ ಮನೆತನ. ಅಕ್ಕ ನೀರು ಸೋಸದೆ ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. ಒಲೆಗೆ ಹಾಕುವ ಕಟ್ಟಿಗೆಯನ್ನೂ ಇರುವೆ ಇದೆಯೇನೋ ಎಂದು ಎರಡು ಸಲ ಬಡಿದು ನೋಡುತ್ತಿದ್ದಳು.

ಐವತ್ತರ ಹತ್ತಿರ ಬಂದಾಗ ಅವಳಿಗೆ ಮೈ ಕಡಿತ ಶುರುವಾಯಿತು. ಮೊದಲು ಮುಂಗೈ, ಆಮೇಲೆ ಬೆನ್ನು, ಆಮೇಲೆ ಕಾಲು. ಕೆರೆದಲ್ಲಿ ಗುಳ್ಳೆ, ಗುಳ್ಳೆ ಒಡೆದಲ್ಲಿ ಹುಣ್ಣು. ಚರ್ಮದ ಕೆಳಗೆ ಏನೋ ಹರಿದಾಡಿದಂತಾಗುತ್ತದೆ ಎನ್ನುತ್ತಿದ್ದಳು. ಕಬ್ಬಿನ ರವದಿ, ಆ ಒಣಗರಿ, ಮೈಗೆ ಒಗ್ಗಿಲ್ಲ ಎಂದರು ಕೆಲವರು. ನಿಪ್ಪಾಣಿಯ ವೈದ್ಯರೊಬ್ಬರು ಕಜ್ಜಿಯ ಹುಳು ಇರಬಹುದೆಂದು ಮೈಗೆಲ್ಲ ಹಚ್ಚಿಕೊಳ್ಳುವ ಔಷಧ ಕೊಟ್ಟರು. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಅಕ್ಕ ನನಗೆ ಫೋನ್ ಮಾಡಿದಳು.

"ತಮ್ಮಾ, ಇದನ್ನ ಹಚ್ಚಿದ್ರ ಒಳಗಿನ ಹುಳ ಸಾಯ್ತಾವಂತ. ಅವೂ ಜೀವ ಅಲ್ಲೇನೋ?"

"ಹಚ್ಚಿಕೋಬೇ ಅಕ್ಕಾ. ನೀ ಆರಾಮ ಆಗು ಮೊದಲ."

ಹಚ್ಚಿಕೊಳ್ಳುವ ಮೊದಲು ಕೈಮುಗಿದು ನಿಂತು ಕ್ಷಮೆ ಕೇಳಿದಳಂತೆ. ಅವಳ ಗಂಡ, ನಾನು ಮಾವ ಎಂದು ಕರೆಯುವವರು, ಆಮೇಲೆ ನನಗೆ ಹೇಳಿದರು. ಹುಳು ಇದ್ದರೆ ತಾನೇ ಸಾಯಲು? ಕಡಿತ ನಿಲ್ಲಲಿಲ್ಲ. ನನ್ನ ಲ್ಯಾಬಿನಲ್ಲಿ ಆಗಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಸಕ್ಕರೆ ಸ್ವಲ್ಪ ಹೆಚ್ಚಿತ್ತು, ಅದಕ್ಕೆ ಗುಳಿಗೆ ಶುರುವಾಯಿತು. ಬೇರೇನೂ ಸಿಗಲಿಲ್ಲ. ಮಿರಜಿನ ಚರ್ಮದ ವೈದ್ಯರೊಬ್ಬರು ಬಹಳ ಹೊತ್ತು ನೋಡಿ, ಚರ್ಮದಲ್ಲಿ ದೋಷ ಕಾಣುತ್ತಿಲ್ಲ, ಮನಸ್ಸಿನ ವೈದ್ಯರಿಗೆ ಒಮ್ಮೆ ತೋರಿಸಿ ಎಂದು ಚೀಟಿ ಬರೆದರು. ಅಕ್ಕ ಆ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ಯಾರಿಗೂ ತೋರಿಸಲಿಲ್ಲ.

ಅದಾದ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಸ್ಸು ಹತ್ತಿ ಚಿಕ್ಕೋಡಿಗೆ ಬಂದಳು. ಕುಂಕುಮದ ಖಾಲಿ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿದ್ದವು. ನೀಲಿ, ಕೆಂಪು, ಕೆಲವು ಬಿಳಿ.

"ಹುಣ್ಣಿನ್ಯಾಗಿಂದ ಬಂದಾವ. ನಾನs ತಗದೇನಿ. ನಿನ್ನ ಯಂತ್ರದಾಗ ನೋಡು. ನೀ ಏನ ಅಂತಿ ಅದನ್ನ ನಂಬತೇನಿ."

ನಾನು ಒಂದೊಂದನ್ನೇ ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದೆ. ನೂಲು. ಅರಿವೆಯ ನೂಲು ಹೇಗೆ ಹೊಸೆದುಕೊಂಡಿರುತ್ತದೆಯೋ ಹಾಗೆಯೇ. ಅವಳ ಸೀರೆಯ ಅಂಚೂ ನೀಲಿಯೇ ಆಗಿತ್ತು.

"ಅಕ್ಕಾ, ಇದು ಸೀರಿ ದಾರ. ಹುಣ್ಣಿಗೆ ಅಂಟಿಕೊಂಡಿರತಾವ."

"ಒಳಗ ಹೆಂಗ ಹೋತು?"

"ಒಳಗ ಹೋಗಿಲ್ಲ. ಮ್ಯಾಲ ಇತ್ತು."

"ಹೊರಗ ಬರೂದನ್ನ ನೀ ನೋಡಿಯೇನು?"

ನಾನು ನೋಡಿರಲಿಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡಳು. ಚಹಾ ತರಿಸಿದ್ದೆ, ಕುಡಿಯಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಅವಳು ಊರು ಮುಟ್ಟುವ ಮೊದಲೇ ನಾನು ಮಾವನಿಗೆ ಫೋನ್ ಮಾಡಿ, ಅವು ಬರೀ ದಾರ, ಇವಳಿಗೆ ಭ್ರಮೆ, ಮನಸ್ಸಿನ ವೈದ್ಯರಿಗೆ ತೋರಿಸಿ ಎಂದೆ. ಮಾವನ ಪಕ್ಕದಲ್ಲಿ ಅವರ ತಾಯಿ ಕೂತಿದ್ದರೆಂದು ನನಗೆ ಗೊತ್ತಿರಲಿಲ್ಲ. ಆವರೆಗೆ ಆ ಮನೆಯಲ್ಲಿ ಅಕ್ಕ ರೋಗಿಯಾಗಿದ್ದಳು. ಅಂದಿನಿಂದ ಹುಚ್ಚಿಯಾದಳು. ಹುಚ್ಚಿ ಎಂದವರೇ ಅಂಟೀತೆಂದೂ ಹೆದರಿದರು. ಅವಳ ಊಟದ ತಾಟು, ನೀರಿನ ಚರಿಗೆ ಬೇರೆಯಾದವು. ರೊಟ್ಟಿಯ ಹಿಟ್ಟು ಮುಟ್ಟಬೇಡ ಎಂದರು ಅತ್ತೆ. ಬಸದಿಯಲ್ಲಿ ಹೆಂಗಸರು ಸರಿದು ಕೂಡುವುದನ್ನು ನೋಡಿ ಅಕ್ಕ ಬಸದಿಗೆ ಹೋಗುವುದನ್ನೂ ಬಿಟ್ಟಳು. ಮಾವ ಒಬ್ಬರೇ ದಿನಾ ಅವಳ ಹಾಸಿಗೆಯ ಅರಿವೆಗಳನ್ನು ಬಿಸಿನೀರಿನಲ್ಲಿ ಅದ್ದಿ ಒಗೆದು ಒಣಹಾಕುತ್ತಿದ್ದರು.

ನನ್ನ ಮನಸ್ಸು ತಿರುಗಿದ್ದು ನಿಪ್ಪಾಣಿಯಿಂದ ಬಂದ ಒಬ್ಬ ಹೆಂಗಸಿನಿಂದ. ವರ್ಷಗಟ್ಟಲೆ ಬೀಡಿ ಕಟ್ಟಿದವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವವರು. ಲ್ಯಾಬಿಗೆ ಬಂದು, ಕುಪ್ಪಸದೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಅದರೊಳಗೆ ಅಂಥವೇ ಎಳೆಗಳು.

"ತಂಬಾಕ ಮೈಯಾಗ ಹೊಕ್ಕೈತಿ ಅಂತ ನನಗ ಅನಸ್ತೈತ್ರಿ. ಡಾಕ್ಟರ್ ನಗ್ತಾರ. ನೀವರೆ ನೋಡ್ರಿ ಭಾವೂ," ಎಂದರು, ಮರಾಠಿಯಲ್ಲಿ ಅಣ್ಣನನ್ನು ಕರೆಯುವಂತೆ.

ಅವರ ತೋಳಿನ ಹುಣ್ಣುಗಳು ಅಕ್ಕನ ತೋಳಿನವೇ ಎಂಬಂತಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ನೂಲೇ. ಆದರೆ ಈ ಸಲ ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಅಂದೇ ಫೋನಿನಲ್ಲಿ ಹುಡುಕಿ ಓದಿದೆ. ಬೇರೆ ದೇಶಗಳಲ್ಲೂ ಇಂಥವರಿದ್ದಾರೆ, ಅವರೂ ಡಬ್ಬಿಗಳಲ್ಲಿ ಎಳೆ ಕೂಡಿಡುತ್ತಾರೆ. ಅವರು ಇದಕ್ಕೊಂದು ಹೆಸರು ಹೇಳುತ್ತಾರೆ, ಹೆಚ್ಚಿನ ವೈದ್ಯರು ಆ ಹೆಸರನ್ನೇ ಒಪ್ಪುವುದಿಲ್ಲ. ಇದು ಮನಸ್ಸಿನದು ಎನ್ನುವವರೇ ಬಹಳ. ನಮ್ಮನ್ನು ಸರಿಯಾಗಿ ಪರೀಕ್ಷಿಸಿ ಎಂದು ಬೇಡುವವರು ಅಲ್ಲಿಯೂ ಇದ್ದಾರೆ.

ಮುಂದಿನ ಭಾನುವಾರ ಇಬ್ಬರನ್ನೂ ಲ್ಯಾಬಿಗೆ ಕರೆದೆ. ಅಕ್ಕ ತೋಳು ಮುಚ್ಚಿಕೊಂಡು ಬಂದಿದ್ದಳು. ನಿಪ್ಪಾಣಿಯವರು ಅವಳ ಸೆರಗನ್ನು ತಾವೇ ಸರಿಸಿ, ಹುಣ್ಣಿನ ಮೇಲೆ ಮೆಲ್ಲಗೆ ಬೆರಳಿಟ್ಟರು.

"ಹರದಾಡ್ತೈತಿ ಅಲ್ಲ ಅಕ್ಕಾ? ಮುಂಜಾನಿ ಎದ್ದ ಕೂಡಲೇ ಜಾಸ್ತಿ?"

ಅಕ್ಕ ಹೂಂ ಅನ್ನುವಷ್ಟರಲ್ಲಿ ಅಳತೊಡಗಿದಳು. ಅವಳ ಮೈಯನ್ನು ಗಂಡನ ಹೊರತು ಯಾರೂ ಮುಟ್ಟದೆ ಎಷ್ಟೋ ತಿಂಗಳಾಗಿದ್ದವು.

ಆಮೇಲೆ ಇದೇ ತ್ರಾಸಿನ, ರಾಯಬಾಗದ ಕಡೆಯ ನಿವೃತ್ತ ಮಾಸ್ತರರೊಬ್ಬರು ಜೊತೆಯಾದರು. ಅವರ ಮನೆಯವರು ಚಿಂಚಲಿಯ ದೇವಿ ಮಾಯಕ್ಕನಿಗೆ ಹರಕೆ ಹೊತ್ತು ಸೋತಿದ್ದರು. ಅಥಣಿಯಿಂದ ಒಬ್ಬರು, ಕಾಗವಾಡದಿಂದ ಒಬ್ಬರು ಬಂದರು. ಒಟ್ಟು ಐದು ಜನ. ಮಾಸ್ತರರ ಅಕ್ಷರ ಮುತ್ತಿನಂತಿತ್ತು. ಅವರು ಒಂದು ವೈದ್ಯಕೀಯ ಕಾಲೇಜಿಗೆ ಮನವಿ ಬರೆಯಲು ಕೂತರು. ಔಷಧ ಕೊಡಿ ಎಂದು ಬರೆಯಲೋ ಎಂದು ಕೇಳಿದರು.

"ಬ್ಯಾಡ್ರಿ ಮಾಸ್ತರ," ಎಂದಳು ಅಕ್ಕ. "ಔಷಧ ಬಾಳ ಆಗ್ಯಾವ. ನಮ್ಮನ್ನ ಕುಂದ್ರಿಸಿಕೊಂಡು ಶೋಧ ಮಾಡ್ರಿ ಅಂತ ಬರೀರಿ. ಹುಚ್ಚ ಅಂತ ಬಂದ್ರ ಹುಚ್ಚ ಅನ್ನಲಿ. ನೋಡಿ ಅನ್ನಲಿ."

ಹಾಗೆಯೇ ಬರೆದರು. ನಾಲ್ವರು ಸಹಿ ಮಾಡಿದರು. ನಿಪ್ಪಾಣಿಯವರು ಹೆಬ್ಬೆಟ್ಟು ಒತ್ತಿದರು. ಮೂರು ಸಲ ಕಳಿಸಿದೆವು. ಮೂರನೆಯದಕ್ಕೆ ಉತ್ತರವಾಗಿ ಒಬ್ಬ ಯುವ ವೈದ್ಯೆ ಫೋನ್ ಮಾಡಿದರು. ಚರ್ಮರೋಗದ ಹೆಚ್ಚಿನ ಓದಿನಲ್ಲಿದ್ದವರು. ನಾನೇ ಬರುತ್ತೇನೆ ಎಂದರು, ಬಂದೂ ಬಂದರು.

ಇಡೀ ದಿನ ನನ್ನ ಲ್ಯಾಬಿನಲ್ಲಿ ಕೂತು ಒಬ್ಬೊಬ್ಬರನ್ನೂ ನೋಡಿದರು. ಅಕ್ಕನ ತೋಳಿನಿಂದ ಕಾಳಿನಷ್ಟು ಚರ್ಮ ಕತ್ತರಿಸಿಕೊಂಡರು, ಎಳೆಗಳನ್ನೂ ಒಯ್ದರು. ತಿಂಗಳ ಮೇಲೆ ಮತ್ತೆ ಬಂದು ಅಕ್ಕನ ಎದುರಿಗೆ ಕೂತು ಹೇಳಿದರು.

"ಅಕ್ಕಾರ, ಎಳಿ ಹತ್ತೀದು, ಅರಿವೀದು. ಚರ್ಮದಾಗ ಹುಳ ಇಲ್ಲ. ಕೆರದು ಕೆರದು ಬಾವು ಬಂದೈತಿ. ಆದರ ನಿಮಗ ಆಗೂ ತ್ರಾಸು ಖರೇ. ಮೊದಲ ಯಾಕ ಶುರು ಆತು ಅನ್ನೂದು ನನಗೂ ಗೊತ್ತಿಲ್ಲ. ಸುಳ್ಳ ಹೇಳೂದಿಲ್ಲ ನಾ."

ಅಕ್ಕ ಸಿಟ್ಟಾಗುತ್ತಾಳೆಂದು ನಾನು ಹೆದರಿದ್ದೆ. ಅವಳು ಸಿಟ್ಟಾಗಲಿಲ್ಲ. "ಗೊತ್ತಿಲ್ಲ ಅಂತ ಯಾರೂ ಅಂದಿದ್ದಿಲ್ರಿ," ಎಂದಳು.

ವೈದ್ಯೆ ಐವರಿಗೂ ಒಂದು ಗುಳಿಗೆ ಬರೆದರು. ಇದು ಮನಸ್ಸಿನ ಕಾಯಿಲೆಗೂ ಕೊಡುವಂಥದ್ದೆಂದು ಮುಚ್ಚಿಡದೆ ಹೇಳಿದರು. ಇದರಿಂದ ಹರಿದಾಟ ಕಡಿಮೆಯಾಗಬಹುದು, ನಿದ್ದೆ ಬರಬಹುದು ಎಂದರು. ಹೋಗುವಾಗ, ನಿಮ್ಮಂಥವರ ಬಗ್ಗೆ ಒಂದು ಅಧ್ಯಯನ ಮಾಡಬೇಕೆಂದು ಕಾಲೇಜಿಗೆ ಕೇಳಿದ್ದೇನೆ, ಒಪ್ಪಿಗೆ ಸಿಕ್ಕರೆ ಎಲ್ಲರನ್ನೂ ಕರೆಯುತ್ತೇನೆ ಎಂದರು. ಐದು ಜನರ ಮುಖದಲ್ಲಿ ಅಂದು ಕಂಡ ಕಳೆಯನ್ನು ನಾನು ಮರೆತಿಲ್ಲ. ಮಾಸ್ತರರು ಎದ್ದು ನಿಂತು ಕೈಮುಗಿದರು.

ಗುಳಿಗೆ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಅಕ್ಕನ ಹುಣ್ಣುಗಳು ಮಾಯತೊಡಗಿದವು. ಮಾವ ಫೋನಿನಲ್ಲಿ, "ಮೊನ್ನಿ ರೊಟ್ಟಿ ಬಡದ್ಳಪಾ," ಎಂದು ಎರಡೆರಡು ಸಲ ಹೇಳಿದರು. ನಾನು ಭೋಜಕ್ಕೆ ಹೋದೆ. ಅಕ್ಕ ಎಮ್ಮೆಗೆ ಮೇವು ಹಾಕುತ್ತಿದ್ದಳು. ತೋಳಿನ ಮೇಲೆ ಬಿಳಿ ಕಲೆಗಳಷ್ಟೇ ಇದ್ದವು. ಖುಷಿಯಿಂದ ಮಾತಾಡಿಸಿದರೆ ಅವಳ ಮುಖದಲ್ಲಿ ಖುಷಿ ಇರಲಿಲ್ಲ.

"ಈ ಗುಳಿಗಿಗೆ ಕಡಿಮಿ ಆತಂದ್ರ, ಅವರೆಲ್ಲಾ ಅಂದಿದ್ದು ಖರೇ ಆತಲ್ಲೋ ತಮ್ಮಾ? ನಂದು ಸುಳ್ಳ ಆತಲ್ಲ?"

"ಕಡಿಮಿ ಆತಲ್ಲಬೇ. ಅಷ್ಟ ಸಾಕು."

"ನಿನಗ ಸಾಕು," ಎಂದಳು.

ಮುಂಗಾರು ಮುಗಿಯುವ ಹೊತ್ತಿಗೆ ವೈದ್ಯೆಯ ಫೋನು ಬಂತು. ಕಾಲೇಜು ಅಧ್ಯಯನಕ್ಕೆ ಒಪ್ಪಿಲ್ಲ. ಅವರ ಓದು ಮುಗಿದಿದೆ, ದೂರದ ಊರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಎಲ್ಲರಿಗೂ ತಿಳಿಸಿ, ಗುಳಿಗೆ ಮಾತ್ರ ಯಾರೂ ಬಿಡಬಾರದು ಎಂದರು. ನಾನು ಮಾಸ್ತರರಿಗೆ ಹೇಳಿದೆ, ನಿಪ್ಪಾಣಿಯವರಿಗೆ ಹೇಳಿದೆ, ಉಳಿದಿಬ್ಬರಿಗೂ ಹೇಳಿದೆ. ಅಕ್ಕನಿಗೆ ಹೇಳಲಿಲ್ಲ. ದೀಪಾವಳಿಗೆ ಮಗಳು ಬರುವವಳಿದ್ದಳು, ಹಬ್ಬ ಮುಗಿಯಲಿ ಎಂದುಕೊಂಡೆ. ಹಬ್ಬವಾಯಿತು, ಕಬ್ಬು ಕಡಿಯುವ ಗಡಿಬಿಡಿ ಶುರುವಾಯಿತು. ಉಳಿದವರಿಗೂ, ಅಕ್ಕನ ಮುಂದೆ ಎತ್ತಬೇಡಿ, ನಾನೇ ಹೇಳುತ್ತೇನೆ ಎಂದಿದ್ದೆ. ಅವಳು ಫೋನಿನಲ್ಲಿ, "ಡಾಕ್ಟರಬಾಯಿ ಯಾವಾಗ ಬರ್ತಾರಂತ?" ಎಂದು ಕೇಳಿದಾಗಲೆಲ್ಲ, "ಇನ್ನೂ ಏನೂ ಹೇಳಿಲ್ಲ," ಎನ್ನುತ್ತಿದ್ದೆ. ತಿಂಗಳಿಗೊಮ್ಮೆ ಸಕ್ಕರೆ ನೋಡಿಸಿಕೊಳ್ಳಲು ಬರುತ್ತಿದ್ದವಳು ಎರಡು ತಿಂಗಳು ಬರಲಿಲ್ಲ. ಕೆಲಸ ಇರಬೇಕೆಂದು ನಾನೂ ಬಿಟ್ಟೆ.

ಒಂದು ಮುಂಜಾನೆ ಮಾವ ಫೋನ್ ಮಾಡಿ, ಜ್ವರ ಬಹಳ ಇದೆ, ಕಾಲು ಬಾತುಕೊಂಡಿದೆ, ದವಾಖಾನೆಗೆ ಸೇರಿಸಿದ್ದೇವೆ ಎಂದರು. ಹೋಗಿ ಹೊದಿಕೆ ಸರಿಸಿದರೆ ಕಾಲಿನ ಮೀನಖಂಡದ ಮೇಲೆ ಅಂಗೈಯಷ್ಟು ಹುಣ್ಣು, ಸುತ್ತಲೂ ಕಪ್ಪಾಗಿತ್ತು. ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ನಂಜು ರಕ್ತಕ್ಕೇರಿದೆ ಎಂದರು ವೈದ್ಯರು. ರಕ್ತದ ವರದಿಯನ್ನು ನಾನೇ ಓದಿಕೊಂಡೆ. ಓದಿದ ಮೇಲೆ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಮಾವ ಔಷಧ ತರಲು ಹೊರಗೆ ಹೋದಾಗ ಅಕ್ಕ ನನ್ನ ಕೈ ಹಿಡಿದಳು.

"ತಮ್ಮಾ, ಆ ಗುಳಿಗಿ ಬಿಟ್ಟು ಎರಡ ತಿಂಗಳಾತೋ."

"ಯಾಕಬೇ? ಮಾಯಾಕತ್ತಿತ್ತಲ್ಲ?"

"ಅದಕ್ಕs. ಎಲ್ಲಾ ಮಾಯ್ದು ಹೋದ್ರ ಅವರು ಬಂದಾಗ ಏನ ನೋಡ್ತಾರ? ಮಾಸ್ತರ್‍ದು, ನಿಪ್ಪಾಣಿ ಅಕ್ಕಂದು ಯಾರು ನಂಬ್ತಾರ? ಒಬ್ಬರರೆ ಹಂಗs ಇರಬೇಕಲ್ಲ."

ಅವರು ಬರುವುದಿಲ್ಲವೆಂದು ಆಗಲಾದರೂ ಹೇಳಬಹುದಿತ್ತು.

"ಬರ್ತಾರೇನೋ?" ಎಂದಳು.

"ಬರ್ತಾರ ಅಕ್ಕಾ. ನೀ ಮಲ್ಕೋ."

ಮೂರನೆಯ ದಿನ ಮಧ್ಯಾಹ್ನ ಅಕ್ಕ ಹೋದಳು. ಭೋಜದಲ್ಲಿ ನದಿಯ ದಂಡೆಗೆ ಒಯ್ದೆವು. ಸರಿದು ಕೂತಿದ್ದ ಹೆಂಗಸರೆಲ್ಲ ಬಂದಿದ್ದರು. ಅತ್ತೆ ಅಂಗಳದಲ್ಲಿ ಕೂತು, ತಾಟು ಬೇರೆ ಮಾಡಿದ್ದನ್ನು ತಾವೇ ಹೇಳಿಕೊಂಡು ಅತ್ತರು. ನಿಪ್ಪಾಣಿಯವರು ಶವದ ಕೈ ಹಿಡಿದುಕೊಂಡು ಬಿಡಲೊಲ್ಲದೆ ಕೂತಿದ್ದರು. ಅವರಿಗೆ ಈಗ ಗುಳಿಗೆಯಿಂದ ಎಷ್ಟೋ ಆರಾಮ. ತಮಗೆ ಇರುವುದು ಏನು ಎಂದು ಅವರು ಈಗ ಯಾರನ್ನೂ ಕೇಳುವುದಿಲ್ಲ. ಮಾಸ್ತರರು ಮಾತ್ರ ಬೇರೆ ಕಾಲೇಜುಗಳಿಗೆ ಇನ್ನೂ ಬರೆಯುತ್ತಾರೆ. ಐದು ಸಹಿಯ ಜಾಗದಲ್ಲಿ ಈಗ ಮೂರೋ ನಾಲ್ಕೋ ಇರುತ್ತವೆ.

ಮಾವನಿಗೆ ನಾನು ಎಲ್ಲವನ್ನೂ ಹೇಳಿದ್ದೇನೆ. ಕಾಲೇಜಿನ ಮಾತು ನನಗೆ ಮೊದಲೇ ಗೊತ್ತಿತ್ತೆಂಬುದನ್ನೂ ಹೇಳಿದೆ. ಅವರು, "ಹೇಳಿದ್ರ ಗುಳಿಗಿ ತಗೊಂತಿದ್ಳೇನಪಾ?" ಎಂದು ಕೇಳಿದರು. ತೆಗೆದುಕೊಳ್ಳುತ್ತಿದ್ದಳೇನೋ, ಇಲ್ಲವೇನೋ. ನನಗೆ ಗೊತ್ತಿಲ್ಲ ಎಂದೆ.

ಕೆಲವು ವಾರಗಳ ಮೇಲೆ ಆ ವೈದ್ಯೆ ತಾವಾಗಿ ಫೋನ್ ಮಾಡಿದರು. ಅಕ್ಕ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಗುಳಿಗೆ ಬಿಟ್ಟಿದ್ದಳೆಂಬುದನ್ನೂ ಹೇಳಿದೆ.

"ಗುಳಿಗಿ ಯಾಕ ಬಿಟ್ರು ಅಂತ ಹೇಳಿದ್ರೇನ್ರಿ?"

"ಇಲ್ರಿ," ಎಂದೆ. "ಏನೂ ಹೇಳಲಿಲ್ಲ."

ಆ ಸುಳ್ಳು ಅವರು ನೊಂದುಕೊಳ್ಳಬಾರದೆಂದು, ಅವರಿಗಾಗಿಯೇ ಹೇಳಿದ್ದು ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.